ಪಡಸಾಲೆಯೇ ಕಾರ್ಖಾನೆ: ಅಥಣಿ ಸೀಮೆಯ ಚಪ್ಪಲಿ ಓಣಿಗಳು

ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿಗೆ ಹೋದರೆ ಮನೆ ಎಲ್ಲಿ ಮುಗಿಯಿತು, ಕೆಲಸದ ಜಾಗ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಅಡುಗೆ ಒಲೆಗೆ ನಾಲ್ಕು ಹೆಜ್ಜೆ ದೂರದಲ್ಲಿ ತೊಗಲು ಹರವಿರುತ್ತದೆ. ಗಂಡಸರು ಅಟ್ಟೆ ಕೊಯ್ಯುತ್ತಾರೆ. ಪಟ್ಟಿಗೆ ತೂತು ಕೊರೆಯುವುದು, ಸಣ್ಣ ಎಳೆಗಳನ್ನು ಹೆಣೆಯುವುದು, ಅಂಚಿಗೆ ಚಿತ್ತಾರ ಕೂಡಿಸುವುದು ಬಹುತೇಕ ಹೆಂಗಸರ ಕೆಲಸ. ಅಟ್ಟೆಗೆ ಎಮ್ಮೆ ತೊಗಲು, ಹೆಣಿಗೆಗೆ ಆಡಿನ ತೊಗಲು. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ತೊಗಲನ್ನು ಹದ ಮಾಡುತ್ತಾರೆ. ಮೊಳೆ ಬೇಕಿಲ್ಲ, ತೊಗಲಿನ ಎಳೆಯಲ್ಲೇ ಹೊಲಿಗೆ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಎಂಬ ಶರಣರನ್ನು ಕೊಟ್ಟ ಕಸುಬು ಇದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡದ ಕಡೆಗೂ ಹಬ್ಬಿರುವ ಈ ದುಡಿಮೆಗೆ ಪೇಟೆಯಲ್ಲಿ ಸಿಕ್ಕ ಹೆಸರು ಮಾತ್ರ ಕೊಲ್ಹಾಪುರಿ. ಮಾಲು ಮಾರಾಟವಾಗುತ್ತಿದ್ದುದು ಅಲ್ಲಿ, ಹೆಸರು ಅಲ್ಲಿಯದೇ ಆಯಿತು. 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮಿಲಾನ್‌ನಲ್ಲಿ ಮೂಲದ ಹೆಸರೆತ್ತದೆ ಪ್ರದರ್ಶಿಸಿದಾಗ, ಇವುಗಳನ್ನು ಮಾಡುವ ಬಹಳಷ್ಟು ಜನ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವರು ಎಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಬಹಿರಂಗವಾಗಿ ನೆನಪಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಕಂಪನಿ ಒಪ್ಪಂದಕ್ಕೆ ಬಂತು. ಕುಶಲಕರ್ಮಿಗಳ ತರಬೇತಿಯೂ ಅದರಲ್ಲಿದೆ.

ತರಬೇತಿ ಇಲ್ಲಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಮಧುರಾ ಛತ್ರಪತಿಯವರ ಅಸೆಂಟ್ ಸಂಸ್ಥೆ ಅಥಣಿಗೆ ಬಂತು. ಅದರಿಂದ ಹುಟ್ಟಿದ ಟೋಹೋಲ್ಡ್ ಕೂಟದಲ್ಲಿ ಹೆಂಗಸರು ಸ್ವಸಹಾಯ ಗುಂಪು ಕಟ್ಟಿಕೊಂಡರು. ಅಲ್ಲಿಯತನಕ ಮನೆಯ ಕೆಲಸದಲ್ಲೇ ಕರಗಿಹೋಗುತ್ತಿದ್ದ ಅವರ ಹೆಣಿಗೆಗೆ ಲೆಕ್ಕ ಬಂತು, ಕೂಲಿ ಬಂತು. ಈ ಸೀಮೆಯಲ್ಲಿ ನಡೆದ ಇಂಥ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ಆದರೆ ಕೈಗೆ ಕಸುಬಿದ್ದೂ ತಲೆಯ ಮೇಲೆ ಗಟ್ಟಿ ಸೂರಿಲ್ಲದಿದ್ದರೆ? ಮಳೆಗಾಲದಲ್ಲಿ ತೊಗಲು ಒಣಗುವುದಿಲ್ಲ. ಸೋರುವ ಮನೆಯಲ್ಲಿ ಬೂಸ್ಟು ಹಿಡಿದರೆ ಹೂಡಿದ ಹಣವೇ ಹೋಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಎಷ್ಟೋ ಕುಟುಂಬಗಳು ಗಂಜಿ ಕೇಂದ್ರ ಸೇರಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪಡಸಾಲೆಯಲ್ಲೇ ದುಡಿಯುವವರಿಗೆ ಗೋಡೆ ಬಿದ್ದ ದಿನವೇ ದುಡಿಮೆಯೂ ನಿಲ್ಲುತ್ತದೆ.

ಇದನ್ನು ಅರಿತ ಯೋಜನೆ ನಮ್ಮಲ್ಲೇ ಇದೆ. 1976ರಲ್ಲಿ ಸ್ಥಾಪನೆಯಾದ, ಈಗ ಬಾಬು ಜಗಜೀವನರಾಂ ಅವರ ಹೆಸರಿನಲ್ಲಿರುವ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್, ಚರ್ಮ ಕುಶಲಕರ್ಮಿಗಳಿಗೆ ವಾಸದ ಜೊತೆಗೆ ಕೆಲಸದ ಶೆಡ್ಡನ್ನೂ ಒಂದೇ ಸೂರಿನಡಿ ಕಟ್ಟಿಕೊಡುವ ಯೋಜನೆ ರೂಪಿಸಿತು. ಇಂಥ ಊರುಗಳನ್ನು ನೋಡಿಯೇ ಬರೆದಂತಿರುವ ಯೋಜನೆ ಅದು.

ಸೂರಿಲ್ಲದವರಿಗೆ ನೆರವಾಗುವ ಇನ್ನೊಂದು ದಾರಿ, ನಗರದ ನಿರಾಶ್ರಿತರಿಗಾಗಿ ಇರುವ ನಿಯಮ, ಇಲ್ಲಿಗೆ ಅಷ್ಟು ಹೊಂದುವುದಿಲ್ಲ. ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಆಶ್ರಯ ತಾಣ, ಕೌಶಲ ತರಬೇತಿ ಎರಡನ್ನೂ ನಗರ ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. 2011ರ ಜನಗಣತಿಯಲ್ಲಿ ಅಥಣಿ, ನಿಪ್ಪಾಣಿ ಎರಡೂ ಲಕ್ಷದ ಒಳಗಿನವು. ಇಲ್ಲಿ ಸೂರಿಲ್ಲದವರು ಫುಟ್‌ಪಾತಿನ ಮೇಲೆ ಕಾಣುವುದು ಕಡಿಮೆ. ನೆಂಟರ ಮನೆಯ ಮೂಲೆಯಲ್ಲಿ, ಬಾಡಿಗೆ ಕೋಣೆಯಲ್ಲಿ, ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ರಾತ್ರಿ ಮಲಗಲಿಕ್ಕೊಂದು ಹಾಸಿಗೆ ಕೊಟ್ಟರೆ ಅಟ್ಟೆ ಕೊಯ್ಯುವುದೆಲ್ಲಿ?

ಹಾಗಾಗಿ ಇಲ್ಲಿನ ನಗರಸಭೆ, ಪುರಸಭೆಗಳು ನಿವೇಶನ ಹಂಚುವಾಗ ಚಪ್ಪಲಿ ಮಾಡುವವರ ಮನೆಗೆ ಕೆಲಸದ ಪಡಸಾಲೆಯನ್ನೂ ಸೇರಿಸಿ ಅಳತೆ ಹಾಕಬೇಕು. ಹಕ್ಕುಪತ್ರದಲ್ಲಿ ಹೆಣೆಯುವ ಹೆಣ್ಣುಮಗಳ ಹೆಸರೂ ಇರಬೇಕು. ಇಟಲಿಯ ಬೇಡಿಕೆಗೆ ತಕ್ಕಂತೆ ತರಬೇತಿ ನಡೆಯುವ ಈ ವರ್ಷಗಳಲ್ಲೇ ಇದು ಆಗಬೇಕು.