ಲಕ್ಷ್ಮಮ್ಮ, ಲಕ್ಕಮ್ಮ, ಲಚ್ಚಮ್ಮ: ಒಂದು ಹೆಸರಿನ ಹಲವು ಬರಹಗಳು

ಸಿ. ಬೆಳಗಲ್ ಸೀಮೆಯ ಯಾವ ಊರಿನಲ್ಲಾದರೂ ಅಜ್ಜಿಯಂದಿರ ಹೆಸರುಗಳನ್ನು ಕೇಳುತ್ತ ಹೋದರೆ, ಬಹಳ ದೂರ ಹೋಗುವ ಮೊದಲೇ ಒಬ್ಬ ಲಕ್ಷ್ಮಮ್ಮ ಎದುರಾಗುತ್ತಾರೆ. ಹೆಸರನ್ನು ಹೇಳುವುದು ಸುಲಭ. ಬರೆಯಲು ಕುಳಿತಾಗಲೇ ತೊಡಕು. ಪಡಿತರ ಚೀಟಿಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ, ಉದ್ಯೋಗ ಖಾತರಿಯ ಜಾಬ್ ಕಾರ್ಡಿನಲ್ಲಿ ಮತ್ತೊಂದು ಬಗೆ, ಮೊಮ್ಮಗಳ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕನ್ನಡದ್ದೇ ಬೇರೊಂದು ಬಗೆ. ಲಕ್ಷ್ಮಮ್ಮ, ಲಕ್ಷ್ಮವ್ವ, ಲಕ್ಕಮ್ಮ, ಲಚ್ಚಮ್ಮ, ಲಕುಮಮ್ಮ, ಲಕ್ಷ್ಮೀದೇವಿ: ಕಾಗದದಲ್ಲಿ ಇವು ಬೇರೆಬೇರೆ ವ್ಯಕ್ತಿಗಳು. ಮನೆಯಲ್ಲಿ ಮಾತ್ರ ಒಬ್ಬಳೇ ತಾಯಿ, ಒಬ್ಬಳೇ ಅಜ್ಜಿ.

ಇದು ಬರಿಯ ಅಕ್ಷರದ ಕುತೂಹಲವಾಗಿದ್ದರೆ ವಿದ್ವಾಂಸರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಆಂಧ್ರಪ್ರದೇಶದಲ್ಲಿ 2020ರ ಜನವರಿಯಲ್ಲಿ ‘ಅಮ್ಮ ಒಡಿ’ ಯೋಜನೆ ಆರಂಭವಾದಂದಿನಿಂದ ಶಾಲೆಯ ಮಗುವಿನ ನೆರವಿನ ಹಣ ತಾಯಿಯ ಖಾತೆಗೆ ಬರತೊಡಗಿತು. 2025ರ ಜೂನ್‌ನಲ್ಲಿ ಅದರ ಸ್ಥಾನಕ್ಕೆ ಬಂದ ‘ತಲ್ಲಿಕಿ ವಂದನಂ’ ಯೋಜನೆಯಲ್ಲಿಯೂ ಅದೇ ಕ್ರಮ: ಪ್ರತಿ ವಿದ್ಯಾರ್ಥಿಗೆ ಗೊತ್ತುಮಾಡಿದ 15,000 ರೂಪಾಯಿಯಲ್ಲಿ 2,000 ರೂಪಾಯಿ ಶಾಲೆಯ ನಿರ್ವಹಣೆಗೆ ಹೋಗಿ, ಉಳಿದ 13,000 ತಾಯಿಯ ಖಾತೆಗೆ ಸೇರುತ್ತದೆ. ತಾಯಿಯ ಹೆಸರು, ಆಧಾರ್, ಬ್ಯಾಂಕಿನ ಖಾತೆ ಮೂರೂ ಒಂದಕ್ಕೊಂದು ಕೂಡಿಬರಬೇಕು. ಸುಗ್ಗಿಯ ಕಾಲಕ್ಕೆ ಗುಂಟೂರಿನ ಕಡೆಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋಗುವ ಪಶ್ಚಿಮ ಕರ್ನೂಲಿನ ಕುಟುಂಬಗಳಿಗೆ ಆ ಹಣ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಅಜ್ಜಿಯ ಕಾಲದಲ್ಲಿ ಯಾರೂ ಲೆಕ್ಕಿಸದಿದ್ದ ಒಂದು ಒತ್ತಕ್ಷರ ಇಂದು ಮನೆಯ ಚರ್ಚೆಯ ವಿಷಯವಾಗಿದೆ: ಹಲವು ಬರಹಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು?

ಬಿಡುವುದು ಸುಲಭವಲ್ಲ. ಏಕೆಂದರೆ ಈ ಹೆಸರಿನ ಒಂದೊಂದು ಬರಹಕ್ಕೂ ಒಂದೊಂದು ಮುಖವಿದೆ.

‘ಲಕ್ಷ್ಮಮ್ಮ’ ಎಂದು ಪೂರ್ಣವಾಗಿ, ಮೂರು ವ್ಯಂಜನಗಳ ಸಂಯುಕ್ತಾಕ್ಷರವನ್ನು ಬಿಡದೆ ಬರೆದಾಗ ಈ ಭಾಗದ ಜನರ ಕಣ್ಣಮುಂದೆ ಬರುವುದು ಆದೋನಿ. ಮಹಾಯೋಗಿ ಲಕ್ಷ್ಮಮ್ಮ ಅವ್ವನ ಗುಡಿ, ವರ್ಷಕ್ಕೊಮ್ಮೆ ಎಳೆಯುವ ತೇರು, ಗಡಿಯಾಚೆಯಿಂದಲೂ ಬರುವ ಭಕ್ತರ ಸಾಲು. ಹರಕೆ ಹೊತ್ತು ಹುಟ್ಟಿದ ಮಗಳಿಗೆ ಆ ಹೆಸರಿಟ್ಟವರಿಗೆ ಅದು ಬರಿಯ ಹೆಸರಲ್ಲ, ತೀರಿಸಿದ ಋಣ. ಒಂದು ವಿಶೇಷವನ್ನೂ ಇಲ್ಲಿ ಗಮನಿಸಬೇಕು. ‘ಲಕ್ಷ್ಮಮ್ಮ ಅವ್ವ’ ಎಂಬಲ್ಲಿ ‘ಅಮ್ಮ’ನೂ ಇದ್ದಾಳೆ, ‘ಅವ್ವ’ನೂ ಇದ್ದಾಳೆ. ಬಳ್ಳಾರಿ, ರಾಯಚೂರು ಕಡೆಯ ಕನ್ನಡದಲ್ಲಿ ಅವ್ವ ಎಂದರೆ ಹೆತ್ತವಳು. ರಾಯಲಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಒಂದೇ ಗುಡಿಯ ಮುಂದೆ ನಿಂತ ಇಬ್ಬರಲ್ಲಿ ಒಬ್ಬಳು ತಾಯಿಯನ್ನು ಕರೆಯುತ್ತಾಳೆ, ಇನ್ನೊಬ್ಬಳು ಅಜ್ಜಿಯನ್ನು. ಕೂಗು ಮಾತ್ರ ಒಂದೇ.

ಅದೇ ಕಾರಣದಿಂದ ‘ಲಕ್ಷ್ಮವ್ವ’ ಎಂಬ ಬರಹ ಬೇರೆ ದಾರಿ ಹಿಡಿಯುತ್ತದೆ. ರಾಯಚೂರು, ಕೊಪ್ಪಳದ ಕಡೆಯಿಂದ ಸೊಸೆಯಾಗಿ ಬಂದವಳು ತವರಿನಿಂದ ತಂದ ಹೆಸರು ಅದು. ತೆಲುಗು ನೆರೆಹೊರೆಯಲ್ಲಿ ಇಪ್ಪತ್ತರ ಹರೆಯದ ಸೊಸೆಯನ್ನು ‘ಲಕ್ಷ್ಮವ್ವ’ ಎಂದು ಕರೆದರೆ ಮುದುಕಿಯನ್ನು ಕರೆದಂತೆ ಕೇಳುತ್ತದೆ. ಆದ್ದರಿಂದ ಅಂಥ ಸೊಸೆಯಂದಿರು ಬಲುಬೇಗ ಲಕ್ಷ್ಮಮ್ಮನೋ ಲಕ್ಷ್ಮೀದೇವಿಯೋ ಆಗಿಬಿಡುತ್ತಾರೆ. ತವರಿನವರು ಬಂದ ದಿನ ಮಾತ್ರ ಹಳೆಯ ಹೆಸರು ಅಂಗಳದಲ್ಲಿ ಮತ್ತೆ ಕೇಳಿಸುತ್ತದೆ.

‘ಲಕ್ಕಮ್ಮ’ ಎಂಬುದನ್ನು ತಪ್ಪು ಬರಹವೆಂದು ಕೆಂಪು ಶಾಯಿಯಲ್ಲಿ ತಿದ್ದುವ ಉತ್ಸಾಹಿಗಳಿದ್ದಾರೆ. ಅವರು ಸ್ವಲ್ಪ ತಡೆಯಬೇಕು. ಅಕ್ಷರ ಅಕ್ಕರವಾಗುವಂತೆ, ಪಕ್ಷ ಪಕ್ಕವಾಗುವಂತೆ, ಲಕ್ಷಣ ಲಕ್ಕಣವಾಗುವಂತೆ ಸಂಸ್ಕೃತದ ‘ಕ್ಷ’ ಕನ್ನಡದಲ್ಲಿ ‘ಕ್ಕ’ ಆಗುವುದು ಹಳೆಯ ಕ್ರಮ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ತದ್ಭವಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟನು. ಅವನಿಗಿಂತ ಒಂದು ಶತಮಾನ ಹಿಂದೆಯೇ ಈ ಹೆಸರನ್ನು ಹೊತ್ತು ಕಲ್ಯಾಣದಲ್ಲಿ ಬಾಳಿದವಳು ಆಯ್ದಕ್ಕಿ ಲಕ್ಕಮ್ಮ. ಅವಳ ಊರಾದ ಅಮರೇಶ್ವರ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿದೆ. ಬೆಳಗಲ್ಲಿನ ಪಾಲಿಗೆ ಅದು ಹೊಳೆಯಾಚೆಯ ನೆರೆನಾಡು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಹಿಂದಿರುಗಿಸಿ ಬಾ ಎಂದು ಕಳುಹಿಸಿದ ಹೆಂಡತಿ ಲಕ್ಕಮ್ಮ. ಅವಳ ಕಥೆಯನ್ನು ಬಲ್ಲ ಕನ್ನಡ ಶಾಲೆಯ ಹುಡುಗಿಗೆ ತನ್ನ ಅಜ್ಜಿಯ ಪಡಿತರ ಚೀಟಿಯಲ್ಲಿ ‘ಲಕ್ಕಮ್ಮ’ ಎಂದಿರುವುದು ನಾಚಿಕೆಯ ಸಂಗತಿಯಾಗಬೇಕಾಗಿಲ್ಲ. ಪುರುಷರಲ್ಲಿಯೂ ಇದೇ ಬಳಕೆಯಿತ್ತು: ವಿಜಯನಗರದ ಇಮ್ಮಡಿ ದೇವರಾಯನ ದಂಡನಾಯಕನೂ ‘ಶಿವತತ್ತ್ವ ಚಿಂತಾಮಣಿ’ಯ ಕವಿಯೂ ಆದವನು ತನ್ನನ್ನು ಲಕ್ಕಣ್ಣನೆಂದೇ ಕರೆದುಕೊಂಡನು.

‘ಲಕುಮಿ’ಯ ಸಂಗತಿ ಮೃದುವಾದುದು. ಅದು ಹಾಡಿನಿಂದ ಬಂದ ರೂಪ. ತುಂಗಭದ್ರೆಯ ಎರಡೂ ದಡಗಳು ಹರಿದಾಸರ ನೆಲ. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ಕರ್ನೂಲು ಜಿಲ್ಲೆಯಲ್ಲಿಯೇ ಇದೆ. ಗೋಪಾಲದಾಸರ ಉತ್ತನೂರು ಹೊಳೆಯಾಚೆ ಗದ್ವಾಲದ ಕಡೆಗೆ. ತಾಳಕ್ಕೆ ಹೊಂದುವಂತೆ ಒತ್ತಕ್ಷರವನ್ನು ಬಿಡಿಸಿ ‘ಲಕುಮಿ’ ಎಂದು ಹಾಡುವುದು ದಾಸರ ಪದಗಳಲ್ಲಿ ಸಾಮಾನ್ಯ. ಶುಕ್ರವಾರ ಸಂಜೆ ದೀಪ ಹಚ್ಚಿ ಹಾಡು ಹೇಳುವ ಮನೆಯಲ್ಲಿ ಬೆಳೆದವರಿಗೆ ಆ ಬರಹದಲ್ಲಿ ಕುಂಕುಮದ ವಾಸನೆ ಬರುತ್ತದೆ. ಶುಕ್ರವಾರ ಹುಟ್ಟಿದ ಹೆಣ್ಣುಮಗುವಿಗೂ ಅಂದೇ ಹುಟ್ಟಿದ ಕರುವಿಗೂ ಒಂದೇ ಹೆಸರಿಟ್ಟು, ಸಂಜೆ ‘ಲಕ್ಷ್ಮೀ’ ಎಂದು ಕೂಗಿದರೆ ಯಾರು ಓಗೊಡಬೇಕೆಂದು ತಿಳಿಯದೆ ನಗುವ ಮನೆಗಳೂ ಇದ್ದವು.

ನಗೆಗೆ ಎಡೆಯಿಲ್ಲದ ರೂಪವೊಂದಿದೆ: ‘ಲಚ್ಚಮ್ಮ’, ‘ಲಚ್ಚಿ’. ಭಾಷೆಯ ಲೆಕ್ಕದಲ್ಲಿ ಇದಕ್ಕೂ ಕೊರತೆಯಿಲ್ಲ. ಪ್ರಾಕೃತದಲ್ಲಿ ಲಕ್ಷ್ಮಿಯು ‘ಲಚ್ಛೀ’ ಆಗಿದ್ದಳು, ಅಲ್ಲಿಂದ ಬಂದ ರೂಪ ಕನ್ನಡ ತೆಲುಗು ಎರಡರಲ್ಲಿಯೂ ಬೇರೂರಿತು. ಆದರೆ ಬರೆಯುವವನ ಕೈ ಎಲ್ಲರಿಗೂ ಒಂದೇ ಸಮನಾಗಿ ಓಡಲಿಲ್ಲ. ಹೊಲವುಳ್ಳ ಮನೆಯ ಹೆಂಗಸು ಬಂದಾಗ ‘ಲಕ್ಷ್ಮಮ್ಮ’ ಎಂದು ಬರೆದ ಲೇಖನಿ, ಅದೇ ಹೊಲದಲ್ಲಿ ಕಳೆ ಕೀಳುವ ಹೆಂಗಸು ಅದೇ ಹೆಸರು ಹೇಳಿದಾಗ ‘ಲಚ್ಚಮ್ಮ’ ಎಂದು, ಕೆಲವೊಮ್ಮೆ ‘ಅಮ್ಮ’ನನ್ನೂ ಬಿಟ್ಟು ಬರಿಯ ‘ಲಚ್ಚಿ’ ಎಂದು ಬರೆದದ್ದುಂಟು. ಒತ್ತಕ್ಷರವೂ ಒಂದು ಅಂತಸ್ತಾಯಿತು. ಆದ್ದರಿಂದ ಇಂದು ಮಗಳು ತಾಯಿಯ ಹೆಸರನ್ನು ‘ಲಕ್ಷ್ಮಮ್ಮ’ ಎಂದು ತಿದ್ದಿಸಲು ಹೊರಟರೆ ಅದು ಹಣದ ಅನುಕೂಲಕ್ಕೆ ಮಾತ್ರವಲ್ಲ. ಅಂದು ಕೊಡದೆ ಬಿಟ್ಟ ಮರ್ಯಾದೆಯನ್ನು ಇಂದು ಕೇಳಿ ಪಡೆಯುವುದೂ ಹೌದು. ಅದೇ ಹೊತ್ತಿಗೆ, ಗೆಳತಿಯರೆಲ್ಲ ‘ಲಚ್ಚಮ್ಮಾ’ ಎಂದು ಕರೆಯುತ್ತಲೇ ಆರು ದಶಕ ಕಳೆದ ತಾಯಿಗೆ ತಿದ್ದಿದ ಹೆಸರು ಪರರದೆಂಬಂತೆ ತೋರಬಹುದು. ಇಬ್ಬರಲ್ಲಿ ಯಾರದು ಸರಿ ಎಂದು ಹೊರಗಿನವರು ತೀರ್ಪು ಕೊಡುವಂತಿಲ್ಲ.

ಕನ್ನಡ ತೆಲುಗುಗಳ ನಡುವೆ ಈ ಹೆಸರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಒಂದೇ ಲಿಪಿಯಿಂದ ಕವಲೊಡೆದ ಈ ಎರಡು ಬರಹಗಳಲ್ಲಿ ‘ಲಕ್ಷ್ಮಮ್ಮ’ ಎಂಬುದು ಅಕ್ಕತಂಗಿಯರಂತೆ ಕಾಣುತ್ತದೆ. ತಲೆಕಟ್ಟಿನ ರೀತಿಯಷ್ಟೇ ಬೇರೆ. ತೊಂದರೆ ಬಂದುದು ಇಂಗ್ಲಿಷಿನಿಂದ. ಅದರಲ್ಲಿಯೂ ಹೊಳೆಯ ಈ ದಡಕ್ಕೊಂದು, ಆ ದಡಕ್ಕೊಂದು ಪದ್ಧತಿ. ತುಂಗಭದ್ರೆಯ ದಕ್ಷಿಣದಲ್ಲಿ ಆದೋನಿ ಬಳ್ಳಾರಿ ಸೀಮೆ 1800ರಲ್ಲಿ, ಕರ್ನೂಲು 1839ರಲ್ಲಿ ಕಂಪನಿಯ ಆಳ್ವಿಕೆಗೆ ಸೇರಿ ಮದರಾಸಿನ ಕಚೇರಿಗಳ ಬರವಣಿಗೆಯನ್ನು ಕಲಿತವು. ಅಲ್ಲಿ ‘ಕ್ಷ’ಕ್ಕೆ ‘ಕೆ-ಎಸ್-ಎಚ್’ ಎಂಬ ಮೂರು ಅಕ್ಷರ. ಉತ್ತರದ ದಡ 1948ರವರೆಗೂ ನಿಜಾಮನದು. ಆ ಕಡೆ ಹೆಚ್ಚಾಗಿ ಬಳಕೆಗೆ ಬಂದುದು ‘ಎಕ್ಸ್’ ಎಂಬ ಒಂದೇ ಅಕ್ಷರ. ಆಲಂಪುರ, ಗದ್ವಾಲಗಳು 1956ರವರೆಗೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದವೆಂಬುದನ್ನು ನೆನೆದರೆ, ‘ಎಕ್ಸ್’ ಇರುವ ಲಕ್ಷ್ಮಿಯರು ರಾಯಚೂರಿನಲ್ಲಿಯೂ ತೆಲಂಗಾಣದಲ್ಲಿಯೂ ಏಕೆ ಒಂದೇ ಬಗೆಯಲ್ಲಿ ಕಾಣಿಸುತ್ತಾರೆಂಬುದು ತಿಳಿಯುತ್ತದೆ. ಆ ದಡದಲ್ಲಿ ಹುಟ್ಟಿ ಈ ದಡಕ್ಕೆ ಮದುವೆಯಾಗಿ ಬಂದವಳ ಶಾಲೆಯ ಪ್ರಮಾಣಪತ್ರದಲ್ಲಿ ‘ಎಕ್ಸ್’. ಗಂಡನ ಮನೆಯ ಪಡಿತರ ಚೀಟಿಯಲ್ಲಿ ‘ಕೆ-ಎಸ್-ಎಚ್’. ಕಂಪ್ಯೂಟರಿಗೆ ಇಬ್ಬರೂ ಬೇರೆ.

ಊರಿನ ಹೆಸರೂ ಈ ಪಾಡಿನಿಂದ ಪಾರಾಗಿಲ್ಲ. ಬೆಳಗಲ್ ಎಂಬಲ್ಲಿ ಕನ್ನಡ ಕಿವಿಗೆ ಬೆಳ್ಳನೆಯ ಕಲ್ಲು ಕೇಳಿಸುತ್ತದೆ. ಮಂಡಲದ ಪೋಲಕಲ್, ಕಂಬದಹಾಳ್ ಮುಂತಾದ ಹೆಸರುಗಳ ಕೊನೆಯೂ ಕನ್ನಡದ ಕಿವಿಗೆ ಪರಿಚಿತವೇ. ಇಂಗ್ಲಿಷಿನಲ್ಲಿ ಬರೆದೊಡನೆ ‘ಳ’ಕಾರ ‘ಲ’ಕಾರವಾಗಿ, ಬಲ್ಲವರು ಮಾತ್ರ ಸರಿಯಾಗಿ ಓದಬಲ್ಲ ಹೆಸರಾಗುತ್ತದೆ.

ಶಾಲೆಯ ಮಕ್ಕಳಿಗೆ ಈ ಹೆಸರಿನಲ್ಲಿ ವ್ಯಾಕರಣದ ಪಾಠವೂ ಅಡಗಿದೆ. ಸಂಸ್ಕೃತದಲ್ಲಿ ಲಕ್ಷ್ಮೀ ಎಂದು ದೀರ್ಘಾಂತ. ಕನ್ನಡಕ್ಕೆ ಬಂದಾಗ ನದೀ ನದಿಯಾದಂತೆ, ಗೌರೀ ಗೌರಿಯಾದಂತೆ, ಲಕ್ಷ್ಮೀ ಲಕ್ಷ್ಮಿಯಾಗುತ್ತಾಳೆ. ಆದರೆ ಲಕ್ಷ್ಮೀದೇವಿ, ಲಕ್ಷ್ಮೀಪತಿ ಎಂಬ ಸಮಾಸಗಳಲ್ಲಿ ದೀರ್ಘ ಉಳಿಯುತ್ತದೆ. ಲಕ್ಷ್ಮಿ, ಅಮ್ಮ ಎರಡೂ ಕೂಡಿದಾಗ ಇಕಾರ ಲೋಪವಾಗಿ ಲಕ್ಷ್ಮಮ್ಮ. ಲೋಪವಾಗದೆ ಯಕಾರ ಬಂದರೆ ಲಕ್ಷ್ಮಿಯಮ್ಮ. ಲೋಪಸಂಧಿಗೂ ಯಕಾರಾಗಮಕ್ಕೂ ಪಠ್ಯದಾಚೆ ಉದಾಹರಣೆ ಹುಡುಕುವ ಹತ್ತನೆಯ ತರಗತಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯ ಹೆಸರನ್ನು ಕೇಳಿದರೆ ಸಾಕು.

ಹತ್ತನೆಯ ತರಗತಿ ಎಂದಾಗ ಇನ್ನೊಂದು ಮಾತು. ಪರೀಕ್ಷೆಗೆ ಶಾಲೆಯಿಂದ ಹೋಗುವ ನಾಮಿನಲ್ ರೋಲ್‌ನಲ್ಲಿ ವಿದ್ಯಾರ್ಥಿಯ ಹೆಸರಿನ ಜೊತೆಗೆ ತಂದೆತಾಯಿಯ ಹೆಸರೂ ಹೋಗುತ್ತದೆ. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಅಲೆದಾಟದ ಕೆಲಸ. ವಿದ್ಯಾರ್ಥಿಗಳ ‘ಅಪಾರ್’ ಗುರುತಿನ ಸಂಖ್ಯೆಗೂ ಆಧಾರಿನಲ್ಲಿರುವ ಹೆಸರೇ ಶಾಲೆಯ ದಾಖಲೆಯಲ್ಲಿರಬೇಕು. ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ ಮಾತ್ರ ಬದಲಾಯಿಸಬಹುದು. ಅವಸರದಲ್ಲಿ ಮೊದಲ ಬಾರಿ ‘ಲಕಮ್ಮ’ ಎಂದಾಗಿಬಿಟ್ಟರೆ ಉಳಿಯುವುದು ಒಂದೇ ಅವಕಾಶ. ಆದಕಾರಣ ಅರ್ಜಿ ತುಂಬುವ ಮೊದಲು ಮನೆಯ ಎಲ್ಲ ಕಾಗದಗಳನ್ನು ಒಂದೆಡೆ ಹರವಿ, ಇಂಗ್ಲಿಷಿನ ಯಾವ ಬರಹ ಹೆಚ್ಚು ಕಡೆ ಇದೆಯೆಂದು ನೋಡಿ, ಅದಕ್ಕೆ ಉಳಿದವನ್ನು ಹೊಂದಿಸುವುದು ಕಡಿಮೆ ಕಷ್ಟದ ದಾರಿ. ತಾಯಿ ಓದು ಬಲ್ಲವಳಲ್ಲದಿದ್ದರೂ ಅವಳನ್ನು ಕೇಳಿಯೇ ಇದನ್ನು ಮಾಡಬೇಕು, ಹೆಸರು ಅವಳದು.

ಆಂಧ್ರದ ಆಧಾರಿನಲ್ಲಿ ಅಚ್ಚಾಗುವುದು ತೆಲುಗು ಮತ್ತು ಇಂಗ್ಲಿಷ್. ಆದೋನಿ, ಕೌತಾಳಂ, ಹೊಳಗುಂದದ ಕಡೆಯ ಕನ್ನಡ ಮನೆತನಗಳಲ್ಲಿ ಈ ಹೆಸರಿನ ಕನ್ನಡ ಬರಹವನ್ನು ಕಾಣಬೇಕಾದರೆ ಲಗ್ನಪತ್ರಿಕೆ, ಸಮಾಧಿಯ ಕಲ್ಲು, ಕನ್ನಡ ಮಾಧ್ಯಮ ಶಾಲೆಯ ಪುಸ್ತಕ ಇವನ್ನೇ ನೋಡಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅದಕ್ಕೆ ಮೊದಲು ಆ ಶಾಲೆಗಳಿಗೆ ಸೇರಿದ ಲಕ್ಷ್ಮಮ್ಮಂದಿರು ಈಗ ಮುತ್ತಜ್ಜಿಯರು.

ಅವರ ಮರಿಮಕ್ಕಳಲ್ಲಿ ಬರಿಯ ಲಕ್ಷ್ಮಮ್ಮ ಎಂಬ ಹೆಸರು ಅಪರೂಪ. ನಾಮಕರಣದ ದಿನ ತೊಟ್ಟಿಲಲ್ಲಿ ಹಿರಿಯಳ ಹೆಸರನ್ನು ಒಮ್ಮೆ ಕರೆದು, ಶಾಲೆಗೆ ಬೇರೆ ಹೆಸರನ್ನು ಬರೆಸುವುದು ರೂಢಿಯಾಗಿದೆ. ಹಳೆಯ ಹೆಸರು ಪೂರ್ತಿ ಹೋಗಿಲ್ಲ. ಭಾಗ್ಯಲಕ್ಷ್ಮಿ, ವಿಜಯಲಕ್ಷ್ಮಿ, ಮಹಾಲಕ್ಷ್ಮಿ ಎಂಬ ಉದ್ದ ಹೆಸರುಗಳ ಬಾಲದಲ್ಲಿ ಉಳಿದಿದೆ. ಹಾಲ್ ಟಿಕೆಟ್ ಬಂದ ದಿನ ಆ ಬಾಲದಲ್ಲಿರುವುದು ‘ಎಕ್ಸೋ’, ‘ಕೆ-ಎಸ್-ಎಚ್ಚೋ’ ಎಂದು ಅವರೂ ಒಮ್ಮೆ ಬೆರಳಿಟ್ಟು ನೋಡುತ್ತಾರೆ.