ತೈಲನಗರಿಯ ಊಟದ ಎಲೆಯೂ ನಮ್ಮ ಹೃದಯವೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ‘ತೈಲನಗರಿ’ ಎಂಬ ಹೆಸರು ಬಂದುದು ಅಲ್ಲಿಯ ಶೇಂಗಾ ಎಣ್ಣೆಯ ಗಿರಣಿಗಳಿಂದ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಒಕ್ಕಲುಮಕ್ಕಳು ಶೇಂಗಾವನ್ನು ನಂಬಿ ಬದುಕಿದರು. ಪಕ್ಕದ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳು ಎಷ್ಟೋ ಮನೆಗಳ ಒಲೆ ಉರಿಸಿದವು. ದುಡಿದು ಉಣ್ಣುವುದೇ ಇಲ್ಲಿಯ ರೂಢಿ. ಇಂಥ ಸೀಮೆಯಲ್ಲಿಯೂ ಇಂದು ಹೃದಯಾಘಾತ, ಪಾರ್ಶ್ವವಾಯುಗಳ ಸುದ್ದಿ ಮದುವೆಮನೆಯಲ್ಲಿಯೂ ಜಾತ್ರೆಯಲ್ಲಿಯೂ ಕಿವಿಗೆ ಬೀಳುತ್ತಿದೆ.

ನಮಗೆ ಪರಿಚಿತರಾದ ಸದ್ಗೃಹಸ್ಥರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ವಯಸ್ಸು ಐವತ್ತೆರಡು. ಮದ್ಯಮಾಂಸಗಳ ಸೋಂಕಿಲ್ಲ, ಇಷ್ಟಲಿಂಗ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಒಂದು ಮುಂಜಾನೆ ವಿಭೂತಿ ಧರಿಸಲು ಎತ್ತಿದ ಬಲಗೈ ಹಣೆಯನ್ನು ಮುಟ್ಟದೆ ಕೆಳಗೆ ಬಿತ್ತು. ಮಾತು ತೊದಲಿತು. ಮನೆಯವರು ಗಾಳಿ ತಗುಲಿತೆಂದು ಬಗೆದು ಎಣ್ಣೆ ನೀವಿ ಮಧ್ಯಾಹ್ನದವರೆಗೆ ಕಾದರು. ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ ವಿಪರೀತವಾಗಿದ್ದುದು ತಿಳಿಯಿತು. ಅದುವರೆಗೆ ಒಮ್ಮೆಯೂ ಅವರು ಅದನ್ನು ನೋಡಿಸಿಕೊಂಡಿರಲಿಲ್ಲ. “ಸಾತ್ವಿಕ ಆಹಾರ ಉಂಡವರಿಗೆ ಹೀಗೇಕಾಯಿತು?” ಎಂದು ಅವರ ಮಡದಿ ನಮ್ಮನ್ನು ಕೇಳಿದರು. ಆ ತಾಯಿಯ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಶಾಕಾಹಾರವೊಂದೇ ಸಾಲದು

ಶಾಕಾಹಾರ ಒಳ್ಳೆಯದೇ. ಆದರೆ ಎಲೆಯಲ್ಲಿ ಏನಿಲ್ಲ ಎಂಬುದರಷ್ಟೇ ಏನಿದೆ, ಎಷ್ಟಿದೆ ಎಂಬುದೂ ಮುಖ್ಯ. ಹೃದಯದ ಮತ್ತು ಮಿದುಳಿನ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಡುಸಾಗುವುದು ಹತ್ತಾರು ವರ್ಷಗಳ ಕೆಲಸ. ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯದ ನಾಳ ಮುಚ್ಚಿದರೆ ಹೃದಯಾಘಾತ, ಮಿದುಳಿನ ನಾಳ ಮುಚ್ಚಿದರೆ ಅಥವಾ ಒಡೆದರೆ ಪಾರ್ಶ್ವವಾಯು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಹೊಟ್ಟೆಯ ಬೊಜ್ಜು, ದುಡಿಮೆಯಿಲ್ಲದ ಮೈ ಇವೆಲ್ಲ ಈ ಕೇಡನ್ನು ಬೇಗ ತರುತ್ತವೆ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವು, ಪ್ರತಿದಿನವೂ ಹಣ್ಣು ತರಕಾರಿ ತಿನ್ನದಿರುವುದನ್ನೂ ಹೃದಯಾಘಾತದ ಪ್ರಮುಖ ಕಾರಣಗಳ ಸಾಲಿಗೆ ಸೇರಿಸಿತು. ಅದರ ಅಂಕಿ ಅಂಶಗಳನ್ನೇ ಆಧರಿಸಿ 2007ರಲ್ಲಿ ಬಂದ ಇನ್ನೊಂದು ವರದಿಯ ಪ್ರಕಾರ, ಮೊದಲ ಹೃದಯಾಘಾತವು ದಕ್ಷಿಣ ಏಷ್ಯಾದವರಿಗೆ ಸರಾಸರಿ 53ರ ವಯಸ್ಸಿನಲ್ಲಿಯೂ ಉಳಿದ ದೇಶಗಳವರಿಗೆ ಸುಮಾರು 59ರಲ್ಲಿಯೂ ಬಂದಿತ್ತು. ಮಕ್ಕಳ ಓದು, ಮದುವೆ ಮುಗಿಯದ ವಯಸ್ಸಿನಲ್ಲಿಯೇ ಮನೆಯ ಯಜಮಾನನಿಗೆ ಈ ಪೆಟ್ಟು ಬೀಳುತ್ತಿದೆ ಎಂದಾಯಿತು.

ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಸಾರು, ಪಲ್ಯಗಳಿಗೆ ಹಾಕಿದ ಉಪ್ಪಿನ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ. ಸಂಜೆ ಪೇಟೆಗೆ ಹೋದರೆ ಮಂಡಕ್ಕಿ ಮೆಣಸಿನಕಾಯಿ, ಬೇಕರಿಯ ಖಾರ. ಇವೆಲ್ಲ ಕೂಡಿ ಆ ಒಂದು ಚಮಚವನ್ನು ಎಂದೋ ದಾಟಿರುತ್ತವೆ. ಹೆಚ್ಚಾದ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ. ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಏರಿದ ಒತ್ತಡವೇ. ಅದು ನೋವು ಕೊಡುವುದಿಲ್ಲ, ಮುನ್ಸೂಚನೆಯನ್ನೂ ನೀಡುವುದಿಲ್ಲ. ಆದುದರಿಂದ ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳುವುದು ಅವಶ್ಯ.

ಎಣ್ಣೆ ವೈರಿಯಲ್ಲ, ಅಳತೆ ಮೀರಬಾರದು

ಶೇಂಗಾ ಎಣ್ಣೆಯನ್ನು ದೂಷಿಸಬೇಕಾದುದಿಲ್ಲ. ಅದರ ಕೊಬ್ಬಿನಲ್ಲಿ ಬಹುಪಾಲು ಹೃದಯಕ್ಕೆ ಹಿತವಾದ ಬಗೆಯದೇ. ಒಂದು ಹಿಡಿ ಹುರಿದ ಶೇಂಗಾ ಉತ್ತಮ ಆಹಾರ. ಕೇಡಿರುವುದು ಅಳತೆಯಲ್ಲಿ ಮತ್ತು ಬಳಸುವ ಕ್ರಮದಲ್ಲಿ. ತಿಂಗಳಿಗೆ ತಲಾ ಅರ್ಧ ಲೀಟರು, ನಾಲ್ವರ ಮನೆಗೆ ಎರಡು ಲೀಟರು ಸಾಕು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕೆಟ್ಟು ದೇಹಕ್ಕೆ ಹಾನಿಕರವಾಗುತ್ತದೆ. ಎಣ್ಣೆಯನ್ನು ಗಟ್ಟಿಗೊಳಿಸಿ ಮಾಡುವ ವನಸ್ಪತಿಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಈ ಕಾರಣದಿಂದಲೇ ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಮನೆಯಲ್ಲಿ ವನಸ್ಪತಿಯನ್ನು ತ್ಯಜಿಸುವುದೇ ಲೇಸು.

ಹಿರಿಯರ ಕಣಜ

ನಮ್ಮ ಹಿರಿಯರು ಉಂಡದ್ದು ರಾಗಿಮುದ್ದೆ, ಸಜ್ಜೆ ಮತ್ತು ಜೋಳದ ರೊಟ್ಟಿ, ನವಣೆ ಮತ್ತು ಸಾಮೆಯ ಅನ್ನ, ಹುರುಳಿಕಟ್ಟಿನ ಸಾರು, ಹೊಲದ ಬೆರಕೆ ಸೊಪ್ಪು. ಬಿಳಿ ಅಕ್ಕಿಯ ಅನ್ನ ಹಬ್ಬಕ್ಕೆ ಮಾತ್ರ. ಇಂದು ಹಬ್ಬದ ಊಟವೇ ನಿತ್ಯದ ಊಟವಾಗಿದೆ. ಹೊಲದ ದುಡಿಮೆ ಮಾತ್ರ ಹಿಂದೆ ಉಳಿದಿದೆ. ಸಿರಿಧಾನ್ಯಗಳಲ್ಲಿ ನಾರು ಹೆಚ್ಚು; ಬಿಳಿ ಅನ್ನಕ್ಕಿಂತ ನಿಧಾನವಾಗಿ ಸಕ್ಕರೆಯಾಗುತ್ತವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜಗತ್ತು ಕೊಂಡಾಡಿದ ಆ ಧಾನ್ಯ ನಮ್ಮದೇ ಸೀಮೆಯ ಹೊಲದ್ದು. ಆದರೆ ನವಣೆಯನ್ನೂ ಮಿತಿಮೀರಿ ಉಣ್ಣಬಾರದು. ಎಲೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಬೇಳೆಕಾಳು, ಉಳಿದ ಕಾಲುಭಾಗ ಧಾನ್ಯ ಎಂಬ ಲೆಕ್ಕ ನೆನಪಿಡಲು ಸುಲಭ.

ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆಯೂ ಬೇಕು. ಅಂಗಡಿಯ ಗಲ್ಲೆಯ ಮುಂದೆ, ಮಗ್ಗದ ಮುಂದೆ ದಿನವಿಡೀ ಕುಳಿತಿರುವವರಿಗಂತೂ ಇದು ಬಿಡಲಾಗದ ನೇಮವಾಗಬೇಕು. ಬೀಡಿ, ಸಿಗರೇಟು, ಎಲೆಅಡಿಕೆಯ ಜೊತೆಯ ಹೊಗೆಸೊಪ್ಪು ಇವನ್ನು ಪೂರ್ತಿಯಾಗಿ ಬಿಡಬೇಕು.

ಹೊತ್ತು ಮೀರುವ ಮುನ್ನ

ಮುಖದ ಒಂದು ಬದಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ನಾಳ ಮುಚ್ಚಿದ್ದರೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದಿದ್ದರೆ ಅದೇ ಔಷಧಿ ಅಪಾಯ. ಆದುದರಿಂದ ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕೂಡಲೆ ಒಯ್ಯಬೇಕು. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡತೋಳಿಗೆ ಅಥವಾ ದವಡೆಗೆ ಹರಿದರೆ, ಗ್ಯಾಸ್ ಎಂದು ಸೋಡಾ ಕುಡಿಸಿ ಕಾಯಬಾರದು. 108ಕ್ಕೆ ಕರೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆ, ಹೆಪ್ಪು ಕರಗಿಸುವ ಚುಚ್ಚುಮದ್ದು ದೊರೆಯಬೇಕೆಂಬ ಉದ್ದೇಶದಿಂದಲೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಪ್ರಕಟಿಸಿತು.

ಆ ಸದ್ಗೃಹಸ್ಥರು ಈಗ ಕೋಲೂರಿ ನಡೆಯುತ್ತಾರೆ. ವಿಭೂತಿ ಧರಿಸುವಾಗ ಮಡದಿ ಅವರ ಬಲಗೈಯನ್ನು ಹಿಡಿದೆತ್ತುತ್ತಾರೆ. ಆ ಮನೆಯಲ್ಲಿ ಊಟದ ಹೊತ್ತಿಗೆ ಉಪ್ಪಿನ ಬಟ್ಟಲು ಬರುವುದು ನಿಂತಿದೆ, ವಾರಕ್ಕೆ ನಾಲ್ಕು ದಿನ ಮುದ್ದೆ ಮರಳಿದೆ, ಇಬ್ಬರು ಗಂಡುಮಕ್ಕಳೂ ಒತ್ತಡ ನೋಡಿಸಿಕೊಂಡಿದ್ದಾರೆ. ಹಿರಿಯ ಮಗನಿಗೆ ಮೂವತ್ತೊಂದನೆಯ ವಯಸ್ಸಿಗೇ ಒತ್ತಡವಿರುವುದು ತಿಳಿದು ಗುಳಿಗೆ ಆರಂಭವಾಗಿದೆ.

ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವವರು ನಾವು. ಪ್ರಸಾದವನ್ನು ಯಾರೂ ಮಿತಿಮೀರಿ ಉಣ್ಣುವುದಿಲ್ಲ, ಕೆಡಿಸುವುದೂ ಇಲ್ಲ. ಆ ಭಾವವನ್ನು ಅಡುಗೆಮನೆಯ ಎಣ್ಣೆ, ಉಪ್ಪುಗಳ ಅಳತೆಗೂ ತಂದುಕೊಂಡರೆ ಕಾಯಕಕ್ಕೆ ಬೇಕಾದ ಕಾಯ ಉಳಿದೀತು. ಈ ವಾರವೇ ಮನೆಯ ಹಿರಿಯರನ್ನು ಕರೆದೊಯ್ದು ರಕ್ತದೊತ್ತಡ ನೋಡಿಸಿರೆಂಬುದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.