ಎರಡು ಕಲಮುಗಳ ಹೃದಯ

ಲಿಂಗಾಂತರಿಗಳ ಹೃದ್ರೋಗದ ಮಾತು ಬಂದೊಡನೆ ಜನ ಹಾರ್ಮೋನುಗಳತ್ತ ಬೆರಳು ತೋರುತ್ತಾರೆ. ಅದರಲ್ಲಿ ನಿಜಾಂಶವಿದೆ. ನುಂಗಿದ ಈಸ್ಟ್ರೊಜೆನ್ ಮಾತ್ರೆ ಮೊದಲು ಯಕೃತ್ತನ್ನು ಹಾಯುವುದರಿಂದ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಆ ಭಯ ಕಡಿಮೆ. ಟೆಸ್ಟೊಸ್ಟೆರೋನ್ ಕೆಂಪು ಕಣಗಳನ್ನು ಹೆಚ್ಚಿಸಿ ರಕ್ತವನ್ನು ಮಂದವಾಗಿಸಬಹುದು. ಇವೆಲ್ಲ ವೈದ್ಯರ ಕಣ್ಣಳತೆಯಲ್ಲಿದ್ದರೆ ನಿಭಾಯಿಸತಕ್ಕ ಸಂಗತಿಗಳೇ.

ಆದರೆ ಅವಮಾನಕ್ಕಂಜಿ ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಿರುಗಿದವರ ರಕ್ತದೊತ್ತಡವನ್ನು ಅಳೆಯುವವರು ಯಾರು? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೊರಡಿಸಿದ ವೈಜ್ಞಾನಿಕ ಹೇಳಿಕೆ ಈ ಒತ್ತಡವನ್ನೇ ಮುಂದಿಟ್ಟಿತು. ನಿತ್ಯದ ತಿರಸ್ಕಾರ, ಹಿಂಸೆಯ ಭಯ, ನೌಕರಿಯಿಲ್ಲದ ಬಾಳು. ಇವು ನಿದ್ದೆ ಕೆಡಿಸುತ್ತವೆ, ತಂಬಾಕಿನತ್ತ ದೂಡುತ್ತವೆ, ರಕ್ತನಾಳಗಳನ್ನೂ ಬಿಡುವುದಿಲ್ಲ. ಹಾರ್ಮೋನಿಗಿಂತ ಇದೇ ನನಗೆ ದೊಡ್ಡ ಚಿಂತೆಯಾಗಿ ತೋರುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ತಗಲುವ ಸಂಭವವನ್ನು ಎಣಿಸಲು ಅಮೆರಿಕದಲ್ಲಿ 2013ರಲ್ಲಿ ರೂಪಿಸಿದ ಸೂತ್ರಗಳಲ್ಲಿ ಗಂಡಸಿಗೊಂದು, ಹೆಂಗಸಿಗೊಂದು ಲೆಕ್ಕ. ಅದೇ ವಯಸ್ಸು, ಅದೇ ಕೊಲೆಸ್ಟರಾಲ್, ಅದೇ ರಕ್ತದೊತ್ತಡ. ಕಲಮು ಬದಲಾದರೆ ಉತ್ತರವೂ ಬೇರೆ! ಹೆಣ್ಣೆಂದು ದಾಖಲಾಗಿ ಹುಟ್ಟಿ, ಇಪ್ಪತ್ತು ವರ್ಷ ಟೆಸ್ಟೊಸ್ಟೆರೋನ್ ಪಡೆದ ಗಂಡಸನ್ನು ಯಾವ ಕಲಮಿನಲ್ಲಿ ಬರೆಯಬೇಕು? ಕೆಲವು ವೈದ್ಯರು ಎರಡನ್ನೂ ಎಣಿಸಿ, ಎರಡು ಉತ್ತರಗಳನ್ನೂ ರೋಗಿಯ ಮುಂದಿಟ್ಟು ಮಾತಿಗೆ ಕೂರುತ್ತಾರೆ.